ಮತ್ತೆ ಅಹಮದಾಬಾದ್, ಮತ್ತೆ ರಾಜಸ್ಥಾನ: ಬೌಲರಿಗೆ ಯಾವಾಗ ಶಿಳ್ಳೆ ಹೊಡೆಯೋಣ?

ಹೇಮಾವತಿ_ದಂಡೆ (ಹಾಸನ)
23 ಮೇ 2024, ಬೆಳಗ್ಗೆ 6:12

ನಿನ್ನೆ ಐಪಿಎಲ್ ಪ್ಲೇಆಫ್‌ನಲ್ಲಿ ನಮ್ಮ ಆರ್‌ಸಿಬಿ ಅಹಮದಾಬಾದ್‌ನಲ್ಲಿ ರಾಜಸ್ಥಾನಕ್ಕೆ ಸೋತು ಹೊರಬಿತ್ತು. ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿ ಶಟರ್ ಎತ್ತುವ ಮುಂಚೆ ಇದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಇಡೀ ದಿನ ಗಿರಾಕಿಗಳ ಮೇಲೆ ರೇಗುತ್ತೇನೆ.

ನಮ್ಮದು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ. ಆರ್‌ಸಿಬಿ ಪ್ಲೇಆಫ್ ಬಂತು ಅಂದರೆ ಟಿವಿಯನ್ನು ರಸ್ತೆ ಕಡೆ ತಿರುಗಿಸಿ ಇಡುತ್ತೇನೆ. ನಿನ್ನೆ ಹದಿನೈದಿಪ್ಪತ್ತು ಜನ ಇದ್ದರು. ಪಕ್ಕದ ಬೇಕರಿಯವರು, ಆಟೋದವರು, ಕೊನೇ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜ. ರಾಜಸ್ಥಾನದ ಬ್ಯಾಟಿಂಗ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಎಲ್ಲರೂ ನನ್ನ ಫೋನಿನ ಮೇಲೆ ಬಿದ್ದರು. ಫೋನಿನಲ್ಲಿ ಆಟ ಸ್ವಲ್ಪ ಹಿಂದೆ ಓಡುತ್ತದೆ, ಗೊತ್ತಲ್ಲ. ಎದುರು ಮಹಡಿ ಮನೆಯಲ್ಲಿ ಯುಪಿಎಸ್ ಇದೆ, ಅವರ ಟಿವಿ ನಮಗಿಂತ ಮುಂದೆ. 18ನೇ ಓವರಿನಲ್ಲಿ ಅಲ್ಲಿಂದ ಒಂದು ಕೂಗು ಬಂತು. ಆಮೇಲೆ ನಮ್ಮ ಫೋನಿನಲ್ಲಿ ಸಿರಾಜ್ ಎಸೆತಕ್ಕೆ ಪರಾಗ್ ಬೌಲ್ಡ್. ಮತ್ತೆ ಕೂಗು. ಹೆಟ್ಮೈಯರ್ ಔಟ್. ಬಸ್ಸು ಬಂತು, ಅಜ್ಜ ಹತ್ತಲಿಲ್ಲ.

19ನೇ ಓವರಿನಲ್ಲಿ ಆ ಮನೆಯಿಂದ ಸದ್ದೇ ಇಲ್ಲ. ನಾವು ಫೋನ್ ನೋಡುವುದು ಬಿಟ್ಟು ಆ ಕಿಟಕಿಯನ್ನೇ ನೋಡುತ್ತಿದ್ದೆವು. ಟಿವಿಯ ಬೆಳಕು ಆರಿತು. ನಮ್ಮ ಫೋನಿನಲ್ಲಿ ಇನ್ನೂ ಪೊವೆಲ್ ಬ್ಯಾಟ್ ಹಿಡಿದು ನಿಂತಿದ್ದ.

ಇರಲಿ, ಈಗ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆಯಿಂದ ಎಲ್ಲರೂ ಮ್ಯಾಕ್ಸ್‌ವೆಲ್‌ಗೆ ಬಯ್ಯುತ್ತಿದ್ದಾರೆ. ಬಯ್ಯಲಿ. ಅಶ್ವಿನ್‌ನ ಮೊದಲ ಬಾಲಿಗೇ ಹೋದ, ಇಡೀ ಸೀಸನ್ನಿಗೆ ಸೇರಿ 52 ರನ್. ಆದರೆ ನನ್ನ ಸಿಟ್ಟು ಅವನ ಮೇಲಲ್ಲ. ಕೊಹ್ಲಿ 33ಕ್ಕೆ ಔಟ್ ಆದದ್ದು ಯಾರ ಬಾಲಿಗೆ? ಚಹಲ್. ನಮಗೆ 139 ವಿಕೆಟ್ ತೆಗೆದುಕೊಟ್ಟವನು. 2022ರ ಹರಾಜಿಗೆ ಮುಂಚೆ ಅವನನ್ನು ಕೈಬಿಟ್ಟರು. ರಾಜಸ್ಥಾನ 6.5 ಕೋಟಿಗೆ ಎತ್ತಿಕೊಂಡಿತು. ಅದೇ ವರ್ಷ 27 ವಿಕೆಟ್, ಅತಿ ಹೆಚ್ಚು ವಿಕೆಟ್ ತೆಗೆದವನಿಗೆ ಕೊಡುವ ಪರ್ಪಲ್ ಕ್ಯಾಪ್. ಅದೇ ವರ್ಷ ಇದೇ ಅಹಮದಾಬಾದ್‌ನಲ್ಲಿ ಇದೇ ರಾಜಸ್ಥಾನ ನಮ್ಮನ್ನು ಫೈನಲ್ಲಿಗೆ ಬಿಡಲಿಲ್ಲ. ಹೋದ ತಿಂಗಳು ಐಪಿಎಲ್‌ನಲ್ಲಿ 200 ವಿಕೆಟ್ ಮುಟ್ಟಿದ ಮೊದಲ ಬೌಲರ್ ಆದ. ನಮ್ಮವರು ಈ ಸಲ ದುಡ್ಡು ಸುರಿದದ್ದು ಎಲ್ಲಿಗೆ? ಗ್ರೀನ್‌ಗೆ 17.5 ಕೋಟಿ. ಜೋಸೆಫ್‌ಗೆ 11.5 ಕೋಟಿ, ಅವನು ಮೂರೇ ಪಂದ್ಯ ಆಡಿ ಬೆಂಚಿಗೆ ಹೋದ.

ಇಷ್ಟಾದರೂ ಮಾಲೀಕರಿಗೆ ಮಾತ್ರ ಬಯ್ದರೆ ಸುಳ್ಳಾಗುತ್ತದೆ. ಏಪ್ರಿಲ್ 15ರಂದು ಹೈದರಾಬಾದ್ ಚಿನ್ನಸ್ವಾಮಿಯಲ್ಲಿ ನಮ್ಮ ಮೇಲೆ 287 ಹೊಡೆಯಿತು. ನಾವು 262 ಹೊಡೆದು ಸೋತೆವು. ಆವತ್ತು ರಾತ್ರಿ "ಏನ್ ಮ್ಯಾಚ್ ಗುರು" ಅಂತ ಕುಣಿದವರಲ್ಲಿ ನಾನೂ ಒಬ್ಬ. ಕಾರ್ತಿಕ್ 35 ಬಾಲಿಗೆ 83 ಹೊಡೆದ, ಸಾಕು, ಹೊಟ್ಟೆ ತುಂಬಿತು. 287 ಕೊಟ್ಟದ್ದು ಮರೆತೇ ಹೋಯಿತು.

ಇದು ಹಾಸನದವರೇ ಹೇಳಬೇಕಾದ ಮಾತು. ಜಾವಗಲ್ ಇರುವುದು ನಮ್ಮ ಅರಸೀಕೆರೆ ತಾಲ್ಲೂಕಿನಲ್ಲಿ. ಶ್ರೀನಾಥ್ ಮೈಸೂರಿನವರು, ಒಪ್ಪಿದೆ, ಆದರೆ ಹೆಸರಿನ ಮುಂದೆ ನಿಂತಿರುವ ಊರು ನಮ್ಮದು. ಡೇವಿಡ್ ಜಾನ್ಸನ್ ಹುಟ್ಟಿದ್ದೇ ಅರಸೀಕೆರೆಯಲ್ಲಿ. ಬೇರೆ ಜಿಲ್ಲೆಯವರು ಬ್ಯಾಟ್ಸ್‌ಮನ್‌ಗಳ ಹೆಸರು ಹೇಳಿಕೊಳ್ಳಲಿ. ನಾವು ಓಡಿ ಬಂದು ಬಾಲ್ ಹಾಕುವವರ ಊರಿನವರು. ನಾವೇ ಸಿಕ್ಸರಿಗೆ ಮಾತ್ರ ಶಿಳ್ಳೆ ಹೊಡೆದರೆ ಹೇಗೆ?

ಬಿಎಂ_ರಸ್ತೆ_ಓಪನರ್ (ಹಾಸನ)
23 ಮೇ 2024, ಬೆಳಗ್ಗೆ 7:30

ಅಣ್ಣ, ಆ ಹದಿನೈದಿಪ್ಪತ್ತು ಜನರಲ್ಲಿ ನಾನೂ ಇದ್ದೆ. ಮನೆಗೆ ಹೊರಟರೆ ಬೈಕ್ ಸ್ಟಾರ್ಟ್ ಆಗಲಿಲ್ಲ. ಅದಕ್ಕೂ ಆರ್‌ಸಿಬಿಗೇ ಬಯ್ದೆ.

ಆದರೆ ನಿಮ್ಮ ಮಾತು ಪೂರ್ತಿ ಒಪ್ಪಲ್ಲ. ಮೊದಲ ಎಂಟು ಪಂದ್ಯದಲ್ಲಿ ಒಂದೇ ಗೆಲುವು ಇದ್ದ ತಂಡ ಇದು. ಆಮೇಲೆ ಸಾಲಾಗಿ ಆರು ಗೆದ್ದು ಪ್ಲೇಆಫ್‌ಗೆ ಬಂತು. ಇಂಥ ಹುಡುಗರಿಗೆ ಬಯ್ಯೋಕೆ ಮನಸ್ಸಾದರೂ ಹೇಗೆ ಬರುತ್ತದೆ? ಮತ್ತೆ, ಬೌಲರಿಗೆ ಶಿಳ್ಳೆ ಹೊಡೆಯಲ್ಲ ಅಂತೀರಲ್ಲ, ಮೇ 18ರ ರಾತ್ರಿ ಯಾರಿಗೆ ಹೊಡೆದದ್ದು? ಕೊನೇ ಓವರ್, ಚೆನ್ನೈ ಪ್ಲೇಆಫ್ ಒಳಗೆ ಬರಲು 17 ಬೇಕು. ಧೋನಿ ಮೊದಲ ಬಾಲನ್ನೇ ಸ್ಟೇಡಿಯಂ ಆಚೆ ಕಳಿಸಿದ. ಮುಂದಿನ ಬಾಲಿಗೆ ಯಶ್ ದಯಾಳ್ ಅವನನ್ನೇ ಔಟ್ ಮಾಡಿದ. ಇಡೀ ಓವರಿಗೆ ಬರೀ 7 ರನ್. ಆ ರಾತ್ರಿ ಎನ್.ಆರ್. ವೃತ್ತದಲ್ಲಿ ನನ್ನ ಗಂಟಲು ಹೋದದ್ದು ಬೌಲರಿಗಾಗಿಯೇ.

ಹಳದಿ_ಹುಡುಗ (ಹಾಸನ)
23 ಮೇ 2024, ಬೆಳಗ್ಗೆ 7:41

ನಮ್ಮನ್ನು ಸೋಲಿಸಿದ್ದಕ್ಕೇ ಕಪ್ ಗೆದ್ದಷ್ಟು ಮೆರವಣಿಗೆ ಮಾಡಿದಿರಿ. ನಾಲ್ಕೇ ದಿನ. ಕಪಾಟಿನಲ್ಲಿ ಜಾಗ ಜಾಸ್ತಿ ಇದ್ದರೆ ಹೇಳಿ, ನಮ್ಮ ಚೆನ್ನೈನ ಐದು ಕಪ್‌ಗಳಲ್ಲಿ ಒಂದನ್ನು ಬಾಡಿಗೆಗೆ ಕೊಡುತ್ತೇವೆ.

ಹೇಮಾವತಿ_ದಂಡೆ
23 ಮೇ 2024, ಬೆಳಗ್ಗೆ 7:50

ಹಳದಿ, ನಿಮ್ಮ ಅಪ್ಪ ಪಹಣಿ ಜೆರಾಕ್ಸ್ ಮಾಡಿಸುವುದು ನನ್ನ ಅಂಗಡಿಯಲ್ಲೇ. ನೆನಪಿರಲಿ.

ಓಪನರ್, ದಯಾಳ್ ವಿಷಯ ಒಪ್ಪಿದೆ. ಆ ಓವರ್ ನನ್ನ ಮಾತಿಗೇ ಸಾಕ್ಷಿ. ಈ ಸೀಸನ್ನಿನ ಅತಿ ದೊಡ್ಡ ಖುಷಿ ನಮಗೆ ಸಿಕ್ಕಿದ್ದು ಒಬ್ಬ ಬೌಲರಿಂದ.

ಸ್ಕೋರ್_ಪುಸ್ತಕ (ಅರಸೀಕೆರೆ)
23 ಮೇ 2024, ಬೆಳಗ್ಗೆ 10:05

ನಾನು ರೈಲ್ವೆಯಿಂದ ನಿವೃತ್ತನಾದವನು. ಪಂದ್ಯ ನೋಡುವಾಗ ಉದ್ದನೆ ನೋಟ್‌ಬುಕ್ಕಿನಲ್ಲಿ ಬಾಲ್ ಬಾಲ್ ಬರೆಯುವ ಚಾಳಿ. ಮನೆಯವಳು ಕೇಳುತ್ತಾಳೆ, "ಅದನ್ನ ಯಾರು ಓದ್ತಾರ್ರೀ?" ಅಂತ. ಇವತ್ತು ಓದುವ ಕೆಲಸ ಬಂತು.

ಹೇಮಾವತಿಯವರ ವಾದಕ್ಕೆ ಒಂದು ಮುಳ್ಳು ಇದೆ. 2009ರ ಫೈನಲ್, ಜೋಹಾನ್ಸ್‌ಬರ್ಗ್. ನಾಯಕ ಕುಂಬ್ಳೆ ನಾಲ್ಕು ಓವರಿಗೆ 16 ರನ್ ಕೊಟ್ಟು 4 ವಿಕೆಟ್ ತೆಗೆದರು. ಡೆಕ್ಕನ್ ಚಾರ್ಜರ್ಸ್ 143ಕ್ಕೆ ನಿಂತಿತು. ಬೌಲರ್ ಇದಕ್ಕಿಂತ ಹೆಚ್ಚು ಏನು ಮಾಡಬೇಕು ಹೇಳಿ? ನಾವು 137. ಆರು ರನ್‌ಗಳ ಸೋಲು. ಆವತ್ತು ಕೈಕೊಟ್ಟದ್ದು ಬ್ಯಾಟಿಂಗ್.

ಉಳಿದ ಎರಡು ಫೈನಲ್ ಮಾತ್ರ ಅವರ ಕಡೆಗೇ ಇವೆ. 2011ರಲ್ಲಿ ಚೆನ್ನೈ 205 ಹೊಡೆಯಿತು, ಮುರಳಿ ವಿಜಯ್ ಒಬ್ಬನೇ 95. ನಾವು 58 ರನ್‌ಗಳಿಂದ ಸೋತೆವು. 2016 ಬರೆಯಲು ಈಗಲೂ ಕೈ ಬರುವುದಿಲ್ಲ. ನಮ್ಮದೇ ಚಿನ್ನಸ್ವಾಮಿ. ಹೈದರಾಬಾದ್ 208. ವಾಟ್ಸನ್ ನಾಲ್ಕು ಓವರಿಗೆ 61 ಕೊಟ್ಟ, ವಿಕೆಟ್ ಸೊನ್ನೆ. ಕೊನೇ ಓವರಿನಲ್ಲೇ 24. ಆಮೇಲೆ ಗೇಲ್, ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದರು. ಕೊನೆಗೆ ಸೋತದ್ದು 8 ರನ್‌ಗಳಿಂದ. ಆ ಪುಟದಲ್ಲಿ ನನ್ನ ಪೆನ್ನು ವಾಟ್ಸನ್ ಹೆಸರಿನ ಮೇಲೆ ಹಾಳೆ ಹರಿದಿದೆ. ಸಿಟ್ಟಿನಲ್ಲಿ ಒತ್ತಿದ್ದು.

ಇನ್ನೊಂದು ಲೆಕ್ಕ. ನಿನ್ನೆ ಆಡಿದ ನಮ್ಮ ಹನ್ನೆರಡು ಜನರಲ್ಲಿ (ಇಂಪ್ಯಾಕ್ಟ್ ಬದಲಿ ಆಟಗಾರನೂ ಸೇರಿ) ಕರ್ನಾಟಕದವರು ಎಷ್ಟು? ಸೊನ್ನೆ. ವೈಶಾಖ್ ಬೆಂಚಿನಲ್ಲಿದ್ದ. ರಾಹುಲ್, ಪಡಿಕ್ಕಲ್, ಗೌತಮ್ ಲಕ್ನೋಗೆ, ಮಯಂಕ್ ಹೈದರಾಬಾದ್‌ಗೆ, ಮನೀಶ್ ಕೋಲ್ಕತ್ತಾಗೆ, ಅಭಿನವ್ ಮನೋಹರ್ ಗುಜರಾತ್‌ಗೆ. ಪ್ರಸಿದ್ಧ್ ಗಾಯದಿಂದ ಹೊರಗಿದ್ದಾನೆ, ಆದರೆ ಅವನ ತಂಡವೂ ರಾಜಸ್ಥಾನವೇ. ಊರಿನ ಹೆಸರು ಮಾತ್ರ ನಮ್ಮದು.

ನನ್ನನ್ನು ಕೇಳಿದರೆ ನಿನ್ನೆಯದು ದೊಡ್ಡ ಸೋಲೇ ಅಲ್ಲ. ನನಗೆ ಊಟ ಸೇರದ ಹಾಗೆ ಮಾಡಿದ್ದು 2017ರ ಡಿಸೆಂಬರ್, ರಣಜಿ ಸೆಮಿಫೈನಲ್, ಈಡನ್ ಗಾರ್ಡನ್ಸ್. ವಿದರ್ಭ ಕೊಟ್ಟ ಗುರಿ 198. ಕೊನೇ ದಿನಕ್ಕೆ ಕೈಯಲ್ಲಿ ಮೂರೇ ವಿಕೆಟ್. ವಿನಯ್, ಮಿಥುನ್, ಶ್ರೇಯಸ್ ಗೋಪಾಲ್ ಸೇರಿ ಎಳೆದು ಎಳೆದು 192ರವರೆಗೆ ತಂದರು. ಐದು ರನ್ ಸೋಲು. ಗುರ್ಬಾನಿ ಅನ್ನುವ ಹುಡುಗ ಒಂದೇ ಇನಿಂಗ್ಸ್‌ನಲ್ಲಿ 7 ವಿಕೆಟ್ ತೆಗೆದ. ನೋಡಿ, ಅಲ್ಲೂ ಬೌಲರೇ. ಆ ಪಂದ್ಯವನ್ನು ಇಲ್ಲಿ ಎಷ್ಟು ಜನ ನೋಡಿದ್ದಿರಿ? ಕೈ ಎತ್ತಿ.

ಬಿಎಂ_ರಸ್ತೆ_ಓಪನರ್
23 ಮೇ 2024, ಬೆಳಗ್ಗೆ 10:20

ಸರ್, ಆಗ ನಾನು ಒಂಬತ್ತನೇ ಕ್ಲಾಸು. ಕೈ ಎತ್ತಲ್ಲ, ಆದರೆ ಆ ಹರಿದ ಪುಟದ ಫೋಟೋ ಹಾಕಿ ಪ್ಲೀಸ್.

ಕಡೂರು_ಪಿಟಿ_ಮೇಡಂ (ಕಡೂರು)
23 ಮೇ 2024, ಮಧ್ಯಾಹ್ನ 1:15

ಬೇಸಿಗೆ ರಜೆ, ಆರಾಮಾಗಿ ಎಲ್ಲ ಓದಿದೆ. ಮೇಲಿನ ಅಷ್ಟೂ ಬರಹದಲ್ಲಿ ಒಂದು ಮಾತು ಯಾರಿಗೂ ಹೊಳೆಯಲಿಲ್ಲವಲ್ಲ? ಹದಿನಾರು ವರ್ಷದಿಂದ ಕಪ್ ಇಲ್ಲ, ಕಪ್ ಇಲ್ಲ ಅಂತ ಅಳುತ್ತೀರಿ. ಇದೇ ವರ್ಷ ಮಾರ್ಚ್ 17ಕ್ಕೆ ದೆಹಲಿಯಲ್ಲಿ ಆರ್‌ಸಿಬಿ ಹೆಣ್ಣುಮಕ್ಕಳ ತಂಡದ ನಾಯಕಿ ಸ್ಮೃತಿ ಮಂಧಾನ ಎತ್ತಿ ಹಿಡಿದದ್ದು ಏನು, ಹಾಲಿನ ಕ್ಯಾನಾ?

ಆ ಫೈನಲ್ ಬೇಕಾದರೆ ಹೇಮಾವತಿಯವರು ತಮ್ಮ ವಾದಕ್ಕೇ ಇಟ್ಟುಕೊಳ್ಳಬಹುದು. ದೆಹಲಿ ವಿಕೆಟ್ ಇಲ್ಲದೆ 64. ಶಫಾಲಿ ಬಾರಿಸುತ್ತಿದ್ದಳು. ಮೊಲಿನ್ಯೂ ಒಂದೇ ಓವರಿನಲ್ಲಿ ಮೂರು ವಿಕೆಟ್ ತೆಗೆದಳು. ಆಮೇಲೆ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ ಕೊಟ್ಟು 4 ವಿಕೆಟ್. 113ಕ್ಕೆ ಎಲ್ಲರೂ ಔಟ್. ಕಪ್ ತಂದದ್ದು ಬೌಲರ್‌ಗಳು. ಅದರಲ್ಲೂ ಒಬ್ಬಳು ಕನ್ನಡದ ಹುಡುಗಿ.

ನಮ್ಮ ಕಡೂರಿನವರು ಸೋಲಿನ ನೋವಿಗೆ ಹೊಸಬರಲ್ಲ. 2017ರ ಜುಲೈ 23, ಲಾರ್ಡ್ಸ್, ವಿಶ್ವಕಪ್ ಫೈನಲ್. ಇಂಗ್ಲೆಂಡ್ 228. ನಮ್ಮೂರಿನ ವೇದಾ ಕೃಷ್ಣಮೂರ್ತಿ 35 ಹೊಡೆದು ಆಡುತ್ತಿದ್ದಾಗ ಗೆದ್ದೇ ಬಿಟ್ಟೆವು ಅಂದುಕೊಂಡಿದ್ದೆವು. 9 ರನ್‌ಗಳಿಂದ ಹೋಯಿತು. ಅಲ್ಲೂ ಕೆಡವಿದ್ದು ಶ್ರಬ್‌ಸೋಲ್ ಅನ್ನುವ ಬೌಲರ್, 6 ವಿಕೆಟ್.

ಅದಾದ ಮೇಲೆ ನಮ್ಮ ಶಾಲೆಯ ಹೆಣ್ಣುಮಕ್ಕಳು ಕ್ರಿಕೆಟ್ ಕೇಳಲು ಶುರು ಮಾಡಿದರು. ಎಲ್ಲರಿಗೂ ಬ್ಯಾಟೇ ಬೇಕು. ವೇದಕ್ಕನ ಹಾಗೆ ಹೊಡೆಯಬೇಕು. ಇರುವುದು ಎರಡು ಬ್ಯಾಟು. ಬ್ಯಾಟ್ ಸಿಗದವಳು ಮುಖ ಊದಿಸಿಕೊಂಡು ಬಾಲ್ ಹಾಕುತ್ತಿದ್ದಳು. ಬೌಲಿಂಗ್ ಅಂದರೆ ಶಿಕ್ಷೆ. ಈ ಮಾರ್ಚ್‌ನಲ್ಲಿ ಮೊದಲ ಸಲ ಎಂಟನೇ ಕ್ಲಾಸಿನ ಒಬ್ಬಳು ಬಂದು "ಮಿಸ್, ಆಫ್‌ಸ್ಪಿನ್‌ಗೆ ಬೆರಳು ಹೆಂಗೆ ಇಡ್ಬೇಕು?" ಅಂತ ಕೇಳಿದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರೂ ಫೋನಿನಲ್ಲಿ ನೋಡಿ ಕಲಿತೆವು. ಈಗ ಅವಳು ಪ್ರಾರ್ಥನೆಗೆ ನಿಂತಾಗಲೂ ಕೈಯಲ್ಲಿ ಒಂದು ನಿಂಬೆಹಣ್ಣು ತಿರುಗಿಸುತ್ತಿರುತ್ತಾಳೆ. ಹೆಡ್‌ಮಾಸ್ಟರ್ "ಏನಮ್ಮಾ ಅದು, ಮಾಟ ಗೀಟ?" ಅಂತ ಹೆದರಿಬಿಟ್ಟಿದ್ದರು.

ಹೇಮಾವತಿ_ದಂಡೆ
23 ಮೇ 2024, ಮಧ್ಯಾಹ್ನ 1:40

ತಪ್ಪಾಯಿತು ಮೇಡಂ. ಮಾರ್ಚ್ 17ರಂದು ಅಂಗಡಿಯಲ್ಲಿ ಟಿವಿ ಹಾಕಿರಲಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ. ಭಾನುವಾರ, ಬಾಗಿಲು ಮುಚ್ಚಿತ್ತು. ಆದರೆ ನಿನ್ನೆ ಭಾನುವಾರ ಆಗಿದ್ದರೆ ತೆಗೆದಿರುತ್ತಿದ್ದೆ. ಅದೇ ಅಲ್ವಾ ನೀವು ಹೇಳುತ್ತಿರುವುದು.

ಮೂಡಿಗೆರೆ_ಮಳೆ (ಮೂಡಿಗೆರೆ)
23 ಮೇ 2024, ಸಂಜೆ 4:30

ನಮ್ಮ ಕಡೆ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ. ನಿನ್ನೆ ರಾತ್ರಿ ಅಲ್ಲಿ ಕುರ್ಚಿ ಹಾಕಿಕೊಂಡು, ಕಂಬಳಿ ಕೊಪ್ಪೆ ಹೊದ್ದು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನು. ಜಿಗಣೆ ಹತ್ತಿದ್ದು ಪಂದ್ಯ ಮುಗಿದ ಮೇಲೆ ಗೊತ್ತಾಯಿತು. ರಕ್ತ ಹೀರಿದ್ದು ಅದೋ ರಾಜಸ್ಥಾನವೋ ಹೇಳುವುದು ಕಷ್ಟ ಮಾರಾಯ್ರೆ.

ಬೌಲಿಂಗ್ ವಿಷಯ ನಮ್ಮ ತೋಟದ ಕಥೆಯ ಹಾಗೇ ಇದೆ. ಮಾರ್ಚ್ ಏಪ್ರಿಲ್‌ನಲ್ಲಿ ಮಳೆ ಬಿದ್ದು ಕಾಫಿ ಹೂವಾದರೆ ಬೆಂಗಳೂರಿನಿಂದ ಕಾರುಗಳು ಸಾಲು. ಬೇಲಿ ಹತ್ತಿ ಫೋಟೋ ತೆಗೆಯುತ್ತಾರೆ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವಾಗ, ಚಿಗುರು ತೆಗೆಯುವಾಗ ಒಬ್ಬನೂ ಬರುವುದಿಲ್ಲ. ಆದರೆ ಮರಗಸಿ ಸರಿಯಾಗದಿದ್ದರೆ ಆ ಹೂವು ಎಲ್ಲಿಂದ ಬರಬೇಕು? ಆರ್‌ಸಿಬಿಯವರು ಪ್ರತಿ ವರ್ಷ ಹೂವು ನೋಡಿಯೇ ತೋಟ ಕೊಳ್ಳುವ ಗಿರಾಕಿ.

ನನ್ನ ತಕರಾರು ಬೇರೆ. ಹಾಸನ, ಚಿಕ್ಕಮಗಳೂರಿನವರು ಆರ್‌ಸಿಬಿಗೆ ಇಷ್ಟು ಅಳುವುದು ಯಾಕೆ? ನಮಗೆ ಹತ್ತಿರದ ತಂಡವೇ ಇಲ್ಲ, ಅದಕ್ಕೆ. ರಾಜ್ಯದ ಟಿ20 ಲೀಗ್ ಮಹಾರಾಜ ಟ್ರೋಫಿಯಲ್ಲಿ ಆರು ತಂಡ: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಗುಲ್ಬರ್ಗ, ಮಂಗಳೂರು, ಶಿವಮೊಗ್ಗ. ನಮ್ಮ ಎರಡು ಜಿಲ್ಲೆ ಯಾರದೋ ಮನೆಯ ಜಗಲಿ. ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲೂ ಹಾಸನದವರು ಮೈಸೂರು ವಲಯ, ನಾವು ಶಿವಮೊಗ್ಗ ವಲಯ. 2009ರಲ್ಲಿ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಶುರುವಾದಾಗ ಮಲ್ನಾಡ್ ಗ್ಲಾಡಿಯೇಟರ್ಸ್ ಅಂತ ಒಂದು ತಂಡ ಇತ್ತು, ನೆನಪಿದೆಯಾ? ಹೆಸರು ಕೇಳಿಯೇ ನನ್ನ ಮೈ ಜುಮ್ ಅಂದಿತ್ತು. ಹೆಚ್ಚು ದಿನ ಬಾಳಲಿಲ್ಲ. ಅಂಥದೊಂದು ತಂಡ ಇದ್ದು, ಅದರಲ್ಲಿ ಆಲ್ದೂರಿನದೋ ಸಕಲೇಶಪುರದದೋ ಹುಡುಗ ಬಾಲ್ ಹಾಕಿ ಸೋತಿದ್ದರೆ, ಆ ಸೋಲಿಗೆ ಜಿಗಣೆ ಕಚ್ಚಿಸಿಕೊಳ್ಳುವುದರಲ್ಲೂ ಒಂದು ಅರ್ಥ ಇರುತ್ತಿತ್ತು.

ರೋಬಸ್ಟಾ ರೇಟು ಚೆನ್ನಾಗಿರುವ ವರ್ಷ ಕೂಡ ಮನುಷ್ಯನಿಗೆ ಒಂದು ದುಃಖ ಬೇಕು ನೋಡಿ.

ಬಲಗಾಲು_ರೈಡರ್ (ಚನ್ನರಾಯಪಟ್ಟಣ)
23 ಮೇ 2024, ಸಂಜೆ 6:10

ಕ್ರಿಕೆಟ್ಟಿನವರ ಗೋಳಿನ ಮಧ್ಯೆ ಕಬಡ್ಡಿಯವನ ಎರಡು ಮಾತು.

"ನಮ್ಮ ತಂಡ ಕಪ್ ಗೆದ್ದಿಲ್ಲ" ಅಂತ ಯಾರಾದರೂ ಹೇಳಿದರೆ ನನಗೆ ಪಿತ್ತ ಏರುತ್ತದೆ. 2019ರ ಜನವರಿ 5, ಮುಂಬೈ, ಪ್ರೊ ಕಬಡ್ಡಿ ಫೈನಲ್. ಬೆಂಗಳೂರು ಬುಲ್ಸ್ 38, ಗುಜರಾತ್ 33. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್. ಹಾಸನದಲ್ಲಿ ಆ ರಾತ್ರಿ ಪಟಾಕಿ ಹೊಡೆದವರು ನಾವು ನಾಲ್ಕು ಜನ. ತಮಾಷೆ ಏನು ಗೊತ್ತಾ, ಆ ಸೀಸನ್ನಿನಲ್ಲಿ ನಮ್ಮ ತವರಿನ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಲೇ ಇಲ್ಲ, ಪುಣೆಯಲ್ಲಿ ನಡೆದವು. ಪವನ್ ಕೂಡ ಆಮೇಲೆ ಹರಾಜಿನಲ್ಲಿ ಬೇರೆ ಕಡೆ ಹೋದ. ಚಹಲ್‌ಗಾಗಿ ಅಳುವವರು ಅವನಿಗೂ ಎರಡು ಹನಿ ಇಟ್ಟುಕೊಳ್ಳಿ.

ಹೇಮಾವತಿ ಅಣ್ಣ ಹೇಳಿದ ರೋಗ ನಮ್ಮಲ್ಲೂ ಇದೆ. ಹಬ್ಬದ ಟೂರ್ನಮೆಂಟಿನಲ್ಲಿ ಮೈಕಿನವನು ಕೂಗುವುದು ರೈಡರ್ ಹೆಸರನ್ನು. ಕಾರ್ನರಿನಲ್ಲಿ ನಿಂತು ಕಾಲು ಹಿಡಿದವನ ಹೆಸರು ಅವನಿಗೆ ಗೊತ್ತೇ ಇರುವುದಿಲ್ಲ. "ನೀಲಿ ಚಡ್ಡಿ ಹುಡುಗ ಹಿಡಿದ" ಅನ್ನುತ್ತಾನೆ. ನಾನು ಹೆಸರಿಗೆ ರೈಡರ್, ಆದರೆ ಮೊಣಕಾಲು ಕಳೆದುಕೊಂಡದ್ದು ಕಾರ್ನರಿನಲ್ಲಿ.

ಹಳದಿ_ಹುಡುಗ
23 ಮೇ 2024, ಸಂಜೆ 6:25

ಫುಟ್‌ಬಾಲಿನವರು ಯಾರೂ ಇಲ್ವಾ? ಬಿಎಫ್‌ಸಿ (ಬೆಂಗಳೂರು ಫುಟ್‌ಬಾಲ್ ಕ್ಲಬ್) ಈ ಸಲ ಪ್ಲೇಆಫ್ ಕೂಡ ಮುಟ್ಟಲಿಲ್ಲ. ಛೆಟ್ರಿ ಬೇರೆ ಹೋದ ವಾರ ಭಾರತ ತಂಡದಿಂದ ನಿವೃತ್ತಿ ಹೇಳಿದ್ದಾರೆ. ಆ ವಿಡಿಯೋ ನೋಡಿ ಮಾತ್ರ ನಿಜವಾಗಿಯೂ ಬೇಜಾರಾಯಿತು. ಇದರಲ್ಲಿ ಕಾಲೆಳೆಯುವುದು ಇಲ್ಲ.

ಬಿಎಂ_ರಸ್ತೆ_ಓಪನರ್
23 ಮೇ 2024, ರಾತ್ರಿ 8:02

ನಿನ್ನೆ ಕೊನೇ ಐಪಿಎಲ್ ಪಂದ್ಯ ಆಡಿದ ಕಾರ್ತಿಕ್ ಗ್ಲೌಸ್ ಬಿಚ್ಚಿಕೊಂಡು ಜನರಿಗೆ ಕೈ ಮುಗಿದದ್ದನ್ನು ಯಾರೂ ಬರೆಯಲಿಲ್ಲ. ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ಹೊಡೆದರು. ಸೋತ ದಿನ ಅಂಥದ್ದು ನೋಡಬಾರದು ಗುರು. ಮನೆಗೆ ಹೋಗಿ ಮತ್ತೆ ನೋಡುವಾಗ ಅಮ್ಮ ಪಕ್ಕದಲ್ಲಿದ್ದಳು, ಕಣ್ಣಿಗೆ ಧೂಳು ಬಿತ್ತು ಅಂದೆ. ಮಳೆಯಲ್ಲಿ ಯಾವ ಧೂಳೋ ಅಂದಳು.

ಹೇಮಾವತಿ ಅಣ್ಣ, ನಿಮ್ಮ ಮಾತನ್ನೇ ದಿನವಿಡೀ ಯೋಚಿಸಿದೆ. ನಮ್ಮ ಟೆನಿಸ್ ಬಾಲ್ ಟೀಮಿನಲ್ಲಿ ನಾನು ಓಪನರ್. ಯಾಕೆ ಅಂದರೆ ಬ್ಯಾಟು ನನ್ನದು. ಬಾಲ್ ಹಾಕುವವನು ಒಬ್ಬ ಗಾರೆ ಕೆಲಸದವನು. ಕೆಲಸ ಮುಗಿಸಿ ಸಿಮೆಂಟ್ ಕೈಯಲ್ಲೇ ಬರುತ್ತಾನೆ. ಯಾರ್ಕರ್ ಹಾಕಿದರೆ ನಮ್ಮಲ್ಲಿ ಯಾರಿಗೂ ಕಾಣಿಸುವುದಿಲ್ಲ. ಮೂರು ಟೂರ್ನಮೆಂಟ್ ಗೆದ್ದಿದ್ದೇವೆ. ಮೂರರಲ್ಲೂ ಮ್ಯಾನ್ ಆಫ್ ದಿ ಸೀರೀಸ್ ಕಪ್ಪು ನಮ್ಮ ಮನೆ ಶೋಕೇಸಿನಲ್ಲಿದೆ. ಒಂದನ್ನು ನಾಳೆ ಅವನಿಗೆ ಕೊಟ್ಟು ಬರಲಾ ಅಂತ ಇದ್ದೇನೆ. ಅವನು ನಗುತ್ತಾನೆ ಅನ್ನಿಸುತ್ತದೆ.

ಕಡೂರು_ಪಿಟಿ_ಮೇಡಂ
23 ಮೇ 2024, ರಾತ್ರಿ 8:20

ಕಪ್ಪು ಬೇಡ. ಒಂದು ಜೊತೆ ಒಳ್ಳೆ ಶೂ ಕೊಡಿಸಿ.

ಸ್ಕೋರ್_ಪುಸ್ತಕ
20 ಜೂನ್ 2024, ಸಂಜೆ 7:15

ಹಳೇ ಚರ್ಚೆಯನ್ನು ಮೇಲೆ ತರುತ್ತಿದ್ದೇನೆ, ಕ್ಷಮಿಸಿ. ಮೊದಲ ಪೋಸ್ಟಿನಲ್ಲಿ ಹೆಸರು ಬಂದಿದ್ದ ಡೇವಿಡ್ ಜಾನ್ಸನ್ ಇವತ್ತು ಬೆಂಗಳೂರಿನಲ್ಲಿ ತೀರಿಕೊಂಡರು. 52 ವರ್ಷ.

1996ರ ಅಕ್ಟೋಬರ್, ದೆಹಲಿ, ಆಸ್ಟ್ರೇಲಿಯಾ ಎದುರು ಟೆಸ್ಟ್. ಶ್ರೀನಾಥ್‌ಗೆ ಗಾಯವಾಗಿತ್ತು. ಅವರ ಜಾಗಕ್ಕೆ ಬಂದವರು ಜಾನ್ಸನ್. ಜಾವಗಲ್ ಹೆಸರಿನವರು ಇಲ್ಲದಾಗ ಅರಸೀಕೆರೆಯಲ್ಲಿ ಹುಟ್ಟಿದವರು ಹೊಸ ಚೆಂಡು ಹಿಡಿದರು. ಸ್ಲೇಟರ್ ವಿಕೆಟ್, ಸ್ಲಿಪ್‌ನಲ್ಲಿ ಅಜರುದ್ದೀನ್ ಹಿಡಿದ ಕ್ಯಾಚು. ಆಮೇಲೆ ಡರ್ಬನ್‌ನಲ್ಲಿ ಒಂದು ಟೆಸ್ಟ್, ಎರಡು ವಿಕೆಟ್. ಅಷ್ಟೇ. ಎರಡು ಟೆಸ್ಟ್, ಮೂರು ವಿಕೆಟ್.

ನೋಟ್‌ಬುಕ್ಕಿನಲ್ಲಿ ದೆಹಲಿ ಟೆಸ್ಟಿನ ಪುಟ ಹುಡುಕಿದೆ. ರೇಡಿಯೋ ಕೇಳಿ ಬರೆದದ್ದು. "ಜಾನ್ಸನ್ (ನಮ್ಮೂರು)" ಅಂತ ಬರೆದಿದ್ದೇನೆ.

ಹೇಮಾವತಿ_ದಂಡೆ
20 ಜೂನ್ 2024, ರಾತ್ರಿ 9:00

ಆ ಪುಟದ ಒಂದು ಪ್ರತಿ ತೆಗೆದು ಅಂಗಡಿಯಲ್ಲಿ ಅಂಟಿಸುತ್ತೇನೆ ಸರ್. ಹಾಸನಕ್ಕೆ ಬಂದಾಗ ತನ್ನಿ.

ಬಿಎಂ_ರಸ್ತೆ_ಓಪನರ್
25 ನವೆಂಬರ್ 2024, ರಾತ್ರಿ 10:48

ಅಣ್ಣಾ! ಐಪಿಎಲ್ ಹರಾಜು ನೋಡಿದಿರಾ? ಆರ್‌ಸಿಬಿಯಲ್ಲಿ ಯಾರೋ ನಿಮ್ಮ ಪೋಸ್ಟ್ ಓದಿದ್ದಾರೆ. ಹೇಜಲ್‌ವುಡ್ 12.5 ಕೋಟಿ, ಭುವನೇಶ್ವರ್ 10.75 ಕೋಟಿ, ಕೃಣಾಲ್ 5.75. ಈ ಸಲ ಬೌಲರಿಗೆ ಚೆನ್ನಾಗಿ ದುಡ್ಡು ಬಿಚ್ಚಿದ್ದಾರೆ. ಚಹಲ್ ಮಾತ್ರ 18 ಕೋಟಿಗೆ ಪಂಜಾಬ್‌ಗೆ ಹೋದ. ಅವನು ನಮ್ಮ ಹಣೆಯಲ್ಲಿ ಬರೆದಿಲ್ಲ ಬಿಡಿ.

ಹಳದಿ_ಹುಡುಗ
25 ನವೆಂಬರ್ 2024, ರಾತ್ರಿ 10:55

ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ. ಮೇ ತಿಂಗಳಲ್ಲಿ ಸಿಗೋಣ.

ಸ್ಕೋರ್_ಪುಸ್ತಕ
3 ಜೂನ್ 2025, ರಾತ್ರಿ 11:52

ಅಹಮದಾಬಾದ್, ಐಪಿಎಲ್ ಫೈನಲ್. ಆರ್‌ಸಿಬಿ 190. ಪಂಜಾಬ್ 184. ಕೃಣಾಲ್ ಪಾಂಡ್ಯ 4 ಓವರ್, 17 ರನ್, 2 ವಿಕೆಟ್, ಪಂದ್ಯಶ್ರೇಷ್ಠ.

2009ರಲ್ಲಿ ಸೋತದ್ದು ಆರು ರನ್. ಇವತ್ತು ಗೆದ್ದದ್ದೂ ಆರು ರನ್. ಹನ್ನೊಂದರಲ್ಲಿ ಕರ್ನಾಟಕದವನು ಒಬ್ಬ ಮಯಂಕ್ ಇದ್ದ, ಅವನನ್ನು ಔಟ್ ಮಾಡಿದ್ದು ಮತ್ತೆ ಚಹಲ್. ಕೈ ನಡುಗಿ ಕೊನೇ ಓವರ್ ಬರೆಯಲು ಆಗಲಿಲ್ಲ. ಮನೆಯವಳು ಪೆನ್ನು ಕಿತ್ತುಕೊಂಡು ತಾನೇ ಬರೆದಳು. ಸೊನ್ನೆ, ಸೊನ್ನೆ, ಆರು, ನಾಲ್ಕು, ಆರು, ಆರು.

ಹೇಮಾವತಿ_ದಂಡೆ
4 ಜೂನ್ 2025, ಬೆಳಗಿನ ಜಾವ 12:20

ಕರೆಂಟ್ ಇತ್ತು. ಆದರೂ ಎದುರು ಮಹಡಿ ಮನೆಯವರು ಕೆಳಗಿಳಿದು ಬಂದು ನಮ್ಮ ಜೊತೆ ರಸ್ತೆಯಲ್ಲಿ ನಿಂತು ನೋಡಿದರು. ಕೃಣಾಲ್ ಸ್ಪೆಲ್ ಮುಗಿದಾಗ ಇಡೀ ರಸ್ತೆ ಶಿಳ್ಳೆ ಹೊಡೆಯಿತು. ಒಂದೂ ಸಿಕ್ಸರ್ ಇಲ್ಲದೆ.

ಹಳದಿ ಎಲ್ಲಿ?

ಹಳದಿ_ಹುಡುಗ
4 ಜೂನ್ 2025, ಬೆಳಗಿನ ಜಾವ 12:31

ಇಲ್ಲೇ ಇದ್ದೀನಿ. ನಮ್ಮ ಬೀದಿಯಲ್ಲಿ ಹೋಳಿಗೆ ಹಂಚುತ್ತಿದ್ದಾರೆ, ನಾನೂ ತಿಂದೆ. ಅಭಿನಂದನೆ.

ಬಿಎಂ_ರಸ್ತೆ_ಓಪನರ್
4 ಜೂನ್ 2025, ಬೆಳಗ್ಗೆ 8:15

ಟೀಮ್ ಇವತ್ತು ಬೆಂಗಳೂರಿಗೆ ಬರುತ್ತಿದೆ! ನಾವು ಐದು ಜನ ಹೊರಟೆವು. ಗಾರೆ ಕೆಲಸದವನೂ ರಜೆ ಹಾಕಿದ್ದಾನೆ, ಆ ಶೂ ಹಾಕಿಕೊಂಡೇ ಬಂದಿದ್ದಾನೆ. ಚಿನ್ನಸ್ವಾಮಿಯಿಂದ ಫೋಟೋ ಹಾಕುತ್ತೇನೆ.

ಮೂಡಿಗೆರೆ_ಮಳೆ
4 ಜೂನ್ 2025, ಸಂಜೆ 6:02

ಟಿವಿ ನೋಡುತ್ತಿದ್ದೀರಾ? ಸ್ಟೇಡಿಯಂ ಗೇಟ್ ಹತ್ತಿರ ಕಾಲ್ತುಳಿತವಂತೆ. ಬೆಂಗಳೂರಿಗೆ ಹೋದವರು ಇದ್ದರೆ ಇಲ್ಲಿ ಒಂದು ಮಾತು ಹಾಕಿ.

ಹೇಮಾವತಿ_ದಂಡೆ
4 ಜೂನ್ 2025, ಸಂಜೆ 6:10

ಓಪನರ್, ಎಲ್ಲಿದ್ದೀಯ? ಫೋನ್ ಹೋಗುತ್ತಿಲ್ಲ.

ಕಡೂರು_ಪಿಟಿ_ಮೇಡಂ
4 ಜೂನ್ 2025, ಸಂಜೆ 6:44

ಚಿಕ್ಕ ಚಿಕ್ಕ ಮಕ್ಕಳು. ಆಸ್ಪತ್ರೆ ತೋರಿಸುತ್ತಿದ್ದಾರೆ. ನೋಡಲು ಆಗುತ್ತಿಲ್ಲ.

ಹಳದಿ_ಹುಡುಗ
4 ಜೂನ್ 2025, ರಾತ್ರಿ 7:20

ಅವನ ಮನೆಗೆ ಹೋಗಿದ್ದೆ. ಅಮ್ಮ ಬಾಗಿಲಲ್ಲೇ ಕೂತಿದ್ದಾರೆ. ಅವರಿಗೂ ಫೋನ್ ಬಂದಿಲ್ಲ. ನಾನು ಇಲ್ಲೇ ಇರುತ್ತೇನೆ.

ಸ್ಕೋರ್_ಪುಸ್ತಕ
4 ಜೂನ್ 2025, ರಾತ್ರಿ 8:35

ಹನ್ನೊಂದು ಜನ ಅನ್ನುತ್ತಿದ್ದಾರೆ.

ಬಿಎಂ_ರಸ್ತೆ_ಓಪನರ್
4 ಜೂನ್ 2025, ರಾತ್ರಿ 9:06

ಈಗ ಸಿಗ್ನಲ್ ಸಿಕ್ಕಿತು. ಯಶವಂತಪುರದಲ್ಲಿದ್ದೇವೆ ಅಣ್ಣ. ಐದೂ ಜನ ಇದ್ದೇವೆ. ಗೇಟಿನವರೆಗೆ ಹೋಗಲು ಆಗಲೇ ಇಲ್ಲ. ತಳ್ಳಾಟದಲ್ಲಿ ಅವನ ಒಂದು ಶೂ ಹೋಯಿತು, ಬರಿಗಾಲಲ್ಲೇ ಇದ್ದಾನೆ. ಅಮ್ಮನಿಗೆ ಫೋನ್ ಮಾಡಿದೆ.

ಹೇಮಾವತಿ_ದಂಡೆ
4 ಜೂನ್ 2025, ರಾತ್ರಿ 9:08

ಬಾ. ಎಷ್ಟೊತ್ತಾದರೂ ಅಂಗಡಿ ತೆಗೆದಿರುತ್ತೇನೆ.